ನಾಲ್ಕು ಪೆನ್ಸಿನ ಮುದ್ರೆ, ಒಂದು ಪೆನಿಯ ಪತ್ರಿಕೆ

ಪತ್ರಿಕಾ ಸ್ವಾತಂತ್ರ್ಯ ಎಂದೊಡನೆ ಕತ್ತರಿ ಹಿಡಿದು ಕುಳಿತ ಅಧಿಕಾರಿ ನೆನಪಾಗುತ್ತಾನೆ. 1830ರ ದಶಕದ ಬ್ರಿಟನ್ನಿನ ಇತಿಹಾಸ ಓದುವಾಗ ಅವನನ್ನು ಮರೆಯಿರಿ. ಅಚ್ಚಿಗೆ ಮೊದಲು ಪರವಾನಗಿ ಪಡೆಯುವ ಕಾನೂನು ಅಲ್ಲಿ 1695ರಲ್ಲೇ ಕೊನೆಗೊಂಡಿತ್ತು. ಬಡವರ ಬಾಯಿ ಕಟ್ಟಲು ಸರ್ಕಾರ ಬಳಸಿದ್ದು ತೆರಿಗೆಯನ್ನು. 1815ರಿಂದ ಪತ್ರಿಕೆಯ ಒಂದೊಂದು ಪ್ರತಿಗೂ ನಾಲ್ಕು ಪೆನ್ಸ್ (ಪೆನಿ ಎಂಬ ಚಿಲ್ಲರೆ ನಾಣ್ಯದ ಬಹುವಚನ) ಮುದ್ರಾಂಕ ಶುಲ್ಕ. ಪತ್ರಿಕೆಯ ಬೆಲೆ ಏಳು ಪೆನ್ಸಿನ ಆಸುಪಾಸಿಗೆ ಏರಿತು. ನೇಕಾರನಿಗೆ ಅದು ಎಟುಕಲಿಲ್ಲ.

1819ರ ಆಗಸ್ಟ್‌ನಲ್ಲಿ ಮ್ಯಾಂಚೆಸ್ಟರಿನ ಸೇಂಟ್ ಪೀಟರ್ಸ್ ಮೈದಾನದಲ್ಲಿ ಮತದಾನದ ಹಕ್ಕು ಕೇಳಿ ಸೇರಿದ್ದ ಜನರ ಮೇಲೆ ಕುದುರೆ ಸವಾರರು ಕತ್ತಿ ಬೀಸಿದರು. ಇದನ್ನೇ ಪೀಟರ್‌ಲೂ ಹತ್ಯಾಕಾಂಡ ಎನ್ನುತ್ತಾರೆ. ಅದೇ ವರ್ಷದ ಕೊನೆಗೆ ಬಂದ ಕಾನೂನು, ಸುದ್ದಿಯ ಮೇಲೆ ಅಭಿಪ್ರಾಯ ಬರೆಯುವ ಅಗ್ಗದ ಪತ್ರಿಕೆಗಳನ್ನೂ ಶುಲ್ಕದೊಳಗೆ ಎಳೆದು ತಂದಿತು. 'ಅಭಿಪ್ರಾಯ' ಎಂಬ ಮಾತಿಗೆ ಗೆರೆ ಹಾಕಿಕೊಳ್ಳಿ. ಖಜಾನೆ ತುಂಬುವುದಷ್ಟೇ ಉದ್ದೇಶವಾಗಿದ್ದರೆ ಅದರ ಅಗತ್ಯವಿರಲಿಲ್ಲ.

ಮುದ್ರಕ ಹೆನ್ರಿ ಹೆದರಿಂಗ್ಟನ್ 1831ರ ಜುಲೈನಲ್ಲಿ 'ಪೂರ್ ಮ್ಯಾನ್ಸ್ ಗಾರ್ಡಿಯನ್' ಹೊರತಂದರು. ಬೆಲೆ ಒಂದು ಪೆನಿ. ಶುಲ್ಕ ಕಟ್ಟಿದ್ದರ ಗುರುತಾದ ಸರ್ಕಾರಿ ಮುದ್ರೆ ಇರಬೇಕಾದ ಜಾಗದಲ್ಲಿ ಅಚ್ಚುಯಂತ್ರದ ಚಿತ್ರ, ಜೊತೆಗೆ 'ಜ್ಞಾನವೇ ಶಕ್ತಿ' ಎಂಬ ಮಾತು. ಕಾನೂನನ್ನು ಧಿಕ್ಕರಿಸಿಯೇ ಪ್ರಕಟಿಸುತ್ತಿದ್ದೇವೆಂದು ತಲೆಬರಹದಲ್ಲೇ ಸಾರಿದ್ದರು. ಮುಂದೆ ಸಂಪಾದಕರಾದ ಬ್ರಾಂಟೆರ್ ಓಬ್ರಿಯನ್, ಆಸ್ತಿ ಮತ್ತು ದುಡಿಮೆಯ ಪ್ರಶ್ನೆಗಳನ್ನು ಅದರಲ್ಲಿ ಎತ್ತಿದರು.

ಹೆದರಿಂಗ್ಟನ್ ಮತ್ತೆ ಮತ್ತೆ ಜೈಲಿಗೆ ಹೋದರು. ಆದರೆ ನಮ್ಮ ಟಿಪ್ಪಣಿಗಳು ಅವರ ಹೆಸರಿಗೇ ನಿಂತುಬಿಡುವುದು ನನಗೆ ನೋವಿನ ಸಂಗತಿ. ಬೀದಿಯಲ್ಲಿ ಮುದ್ರೆಯಿಲ್ಲದ ಇಂಥ ಪತ್ರಿಕೆಗಳನ್ನು ಮಾರಿದ್ದಕ್ಕೆ ಜೈಲು ಸೇರಿದವರು 700ಕ್ಕೂ ಹೆಚ್ಚು ಮಂದಿ. ಮ್ಯಾಂಚೆಸ್ಟರಿನಲ್ಲಿ ಮಾರಿ ಸೆರೆಯಾದ ಏಬಲ್ ಹೇವುಡ್ ಮುಂದೆ ಅದೇ ನಗರದ ಮೇಯರ್ ಆದರು. ಉಳಿದ ಬಹುತೇಕರ ಹೆಸರು ನಮ್ಮ ಪಠ್ಯಗಳಲ್ಲಿ ಸಿಗುವುದಿಲ್ಲ. ಒಬ್ಬ ಗಟ್ಟಿಯಾಗಿ ಓದಿದ ಪ್ರತಿಯನ್ನು ಹತ್ತು ಜನ ಕೇಳುತ್ತಿದ್ದ ಕಾಲ ಅದು.

1834ರಲ್ಲಿ ವಿಚಿತ್ರವೊಂದು ನಡೆಯಿತು. 'ಪೂರ್ ಮ್ಯಾನ್ಸ್ ಗಾರ್ಡಿಯನ್' ಕಾನೂನಿನ ಅರ್ಥದಲ್ಲಿ ಸುದ್ದಿಪತ್ರಿಕೆಯೇ ಅಲ್ಲ ಎಂದು ಜ್ಯೂರಿ ತೀರ್ಪು ನೀಡಿತು. ಅಂದರೆ ಅದನ್ನು ಮಾರಿದವರು ಅನ್ಯಾಯವಾಗಿ ಸೆರೆಮನೆ ಕಂಡಿದ್ದರು.

1836ರಲ್ಲಿ ಶುಲ್ಕ ಒಂದು ಪೆನಿಗೆ ಇಳಿಯಿತು. ಇದನ್ನು ಗೆಲುವೆಂದು ಬರೆದು ಮುಂದೆ ಸಾಗಬೇಡಿ. ದುಬಾರಿ ಪತ್ರಿಕೆಗಳು ಅಗ್ಗವಾದವು, ಆದರೆ ಮುದ್ರೆಯಿಲ್ಲದವುಗಳ ಮೇಲಿನ ದಂಡನೆ ಬಿಗಿಯಾಯಿತು. ಒಂದು ಪೆನಿಗೆ ಮಾರುತ್ತಿದ್ದವರಿಗೆ ಬೆಲೆ ಏರಿಸದೆ ಬೇರೆ ದಾರಿ ಉಳಿಯಲಿಲ್ಲ. ಶುಲ್ಕ ಪೂರ್ತಿ ಹೋಗಿದ್ದು 1855ರಲ್ಲಿ. ಹೆದರಿಂಗ್ಟನ್ ಅದಕ್ಕೆ ಆರು ವರ್ಷ ಮೊದಲೇ ಕಾಲರಾದಿಂದ ತೀರಿಕೊಂಡಿದ್ದರು.