ಗರ್ಭಿಣಿ ರೋಜಾ (ಉಪವಾಸ) ಬಿಡಲು ಡಾಕ್ಟರ್ ಮಾತು ಸಾಲದಾ?

ಪ್ರಶ್ನೆ: ನಾನು ಬೆಂಗಳೂರಿನ ಟ್ಯಾನರಿ ರಸ್ತೆ ಕಡೆ ಆಶಾ ಕಾರ್ಯಕರ್ತೆ. ರಂಜಾನ್‌ನಲ್ಲಿ ಕೆಲವು ಗರ್ಭಿಣಿಯರು ಎಷ್ಟೇ ನಿತ್ರಾಣವಾದರೂ ರೋಜಾ ಬಿಡುವುದಿಲ್ಲ. ‘ಮಸೀದಿ ಹಜರತ್ ಹತ್ರ ಹೇಳಿಸಿ’ ಅಂತಾರೆ, ಅಂದರೆ ಇಮಾಮರ ಹತ್ರ. ಆರೋಗ್ಯದ ಮಾತಿಗೆ ಅವರು ಯಾಕೆ ಬೇಕು?

ಉತ್ತರ: ಖಂಡಿತ ಬೇಕು. ತಾಯಿ ಕಾರ್ಡಿನಲ್ಲಿ ಹಿಮೋಗ್ಲೋಬಿನ್ ಬರೀ 8 ಅಂತ ಬರೆದಿರುತ್ತದೆ. ಡಾಕ್ಟರ್ ಕಬ್ಬಿಣದ ಮಾತ್ರೆ ಕೊಟ್ಟು, ಹೊತ್ತು ಹೊತ್ತಿಗೆ ಊಟ ಮಾಡಮ್ಮ ಅಂದಿರುತ್ತಾರೆ. ಮನೆಗೆ ಬಂದರೆ ಅತ್ತೆ, ‘ನಾನು ನಾಲ್ಕು ಹೆತ್ತೆ, ಒಂದು ರೋಜಾನೂ ಬಿಟ್ಟಿಲ್ಲ’ ಅನ್ನುತ್ತಾರೆ. ಸೊಸೆಗೆ ಪಾಪದ ಭಯ. ಆ ಭಯಕ್ಕೆ ಡಾಕ್ಟರ್ ಹತ್ತಿರ ಮದ್ದಿಲ್ಲ, ಹಜರತ್ ಹತ್ತಿರ ಇದೆ.

ಕಾಯಿಲೆಯವರು ರೋಜಾವನ್ನು ಬೇರೆ ದಿನ ಹಿಡಿಯಬಹುದು ಅಂತ ಕುರಾನಿನ 2ನೇ ಅಧ್ಯಾಯದ 185ನೇ ವಚನದಲ್ಲೇ ಇದೆ. ತನಗೋ ಮಗುವಿಗೋ ತೊಂದರೆಯಾಗುವ ಭಯವಿದ್ದರೆ ಗರ್ಭಿಣಿಗೂ, ಹಾಲೂಡಿಸುವ ತಾಯಿಗೂ ಈ ರಿಯಾಯಿತಿ ಉಂಟು. ಸುನ್ನಿಗಳ ನಾಲ್ಕೂ ಪಂಥಗಳು ಇದನ್ನು ಒಪ್ಪುತ್ತವೆ. ಆ ನಾಲ್ಕರಲ್ಲಿ ಒಂದಾದ ಹನಫಿ ಪಂಥದಲ್ಲಿ, ಬಿಟ್ಟಷ್ಟು ರೋಜಾ ಆಮೇಲೆ ಹಿಡಿದರೆ ಆಯಿತು. ಇದನ್ನು ಹಜರತ್ ಬಾಯಲ್ಲಿ ಕೇಳಿದರೆ ಅತ್ತೆಯೂ ಸುಮ್ಮನಾಗುತ್ತಾರೆ. ಆದರೆ ಅಪಾಯ ಇದೆಯೋ ಇಲ್ಲವೋ ಅಂತ ನೋಡಿ ಹೇಳಬೇಕಾದವರು ಡಾಕ್ಟರೇ. ಆ ಕೆಲಸ ಅದಲು ಬದಲಾಗಬಾರದು.

ಪೋಲಿಯೋ ವಿಷಯದಲ್ಲೂ ಹೀಗೇ ಆಯಿತು. ಹನಿ ಹಾಕಿಸಿದರೆ ಮುಂದೆ ಮಕ್ಕಳಾಗಲ್ಲ ಅನ್ನೋ ಪುಕಾರು ಉತ್ತರ ಪ್ರದೇಶದಲ್ಲಿ ಹಬ್ಬಿತ್ತು. ಇಮಾಮರು ಮಸೀದಿಯ ಮೈಕಿನಲ್ಲೇ ಕರೆ ಕೊಟ್ಟರು. ದೇಶದಲ್ಲಿ ಸಹಜ (ವೈಲ್ಡ್) ಪೋಲಿಯೋ ವೈರಸ್‌ನ ಕೊನೆಯ ಪ್ರಕರಣ ಕಂಡದ್ದು 2011ರ ಜನವರಿಯಲ್ಲಿ, ಪಶ್ಚಿಮ ಬಂಗಾಳದ ಹೌರಾದಲ್ಲಿ. ಮನೆಮನೆ ಅಲೆದವರು ನಿಮ್ಮಂಥ ಹೆಣ್ಣುಮಕ್ಕಳೇ. ಮುಚ್ಚಿದ ಬಾಗಿಲು ತೆರೆಸುವುದರಲ್ಲಿ ಇಮಾಮರ ಪಾಲೂ ದೊಡ್ಡದು.

ಒಂದು ತೊಡಕಿದೆ. ನಮ್ಮ ಬಹಳಷ್ಟು ಮಸೀದಿಗಳಲ್ಲಿ ಹೆಂಗಸರು ಜುಮ್ಮಾಗೆ (ಶುಕ್ರವಾರದ ನಮಾಜಿಗೆ) ಹೋಗುವ ರೂಢಿ ಇಲ್ಲ. ಅಲ್ಲಿ ಬಯಾನ್ (ಪ್ರವಚನ) ಕೇಳುವವರು ಗಂಡಂದಿರು. ಅದೂ ಒಳ್ಳೆಯದೇ, ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕಾದವರು ಅವರೇ ಅಲ್ವಾ? ಆದರೆ ಮುಟ್ಟು, ರಕ್ತಸ್ರಾವದ ಪ್ರಶ್ನೆಯನ್ನು ಯಾವ ಸೊಸೆ ಹಜರತ್ ಮುಂದೆ ಇಡುತ್ತಾಳೆ? ಅದಕ್ಕೆ ಆಲಿಮಾಗಳು ಬೇಕು, ಧರ್ಮ ಓದಿಕೊಂಡ ಹೆಂಗಸರು. 2017ರಲ್ಲಿ ಇಂಡೋನೇಷ್ಯಾದ ಮಹಿಳಾ ಉಲೇಮಾಗಳು (ಧರ್ಮ ವಿದ್ವಾಂಸೆಯರು) ಅಲ್ಲಿನ ಚಿರೆಬೋನ್ ಊರಿನಲ್ಲಿ ಸೇರಿ ಬಾಲ್ಯವಿವಾಹದ ವಿರುದ್ಧ ಫತ್ವಾ ಕೊಟ್ಟರು. ಎರಡು ವರ್ಷದಲ್ಲಿ ಅಲ್ಲಿನ ಕಾನೂನು ಹುಡುಗಿಯರ ಮದುವೆ ವಯಸ್ಸನ್ನು 16ರಿಂದ 19ಕ್ಕೆ ಏರಿಸಿತು. ಇಲ್ಲೂ ಹೆಂಗಸರ ಇಜ್ತಿಮಾಗಳಲ್ಲಿ (ಧಾರ್ಮಿಕ ಸಭೆಗಳಲ್ಲಿ) ಆರೋಗ್ಯದ ಮಾತು ಜಾಸ್ತಿ ಆಗಬೇಕು ಅನ್ನೋದು ನನ್ನ ಗಟ್ಟಿ ನಂಬಿಕೆ.

ಮದುವೆ ಅಂದಾಗ ನೆನಪಾಯಿತು: ನಿಖಾ ಓದಿಸುವವರ ಕೈಯಲ್ಲಿ ದೊಡ್ಡ ಅಧಿಕಾರವಿದೆ. ಹುಡುಗಿಗೆ 18 ತುಂಬಿದ ದಾಖಲೆ ನೋಡದೆ ರಿಜಿಸ್ಟರ್ ತೆರೆಯಲ್ಲ ಅಂತ ಅವರು ಹಟ ಹಿಡಿದರೆ ಸಾಕು, ಎಷ್ಟೋ ಹುಡುಗಿಯರ ಓದು ಉಳಿಯುತ್ತದೆ. 2006ರ ಬಾಲ್ಯವಿವಾಹ ನಿಷೇಧ ಕಾಯ್ದೆಯಲ್ಲಿ ಮದುವೆ ಮಾಡಿಸಿದವರಿಗೂ 2 ವರ್ಷದವರೆಗೆ ಜೈಲು, 1 ಲಕ್ಷ ರೂಪಾಯಿವರೆಗೆ ದಂಡ ಉಂಟು. ಅಂಥ ಮದುವೆಯ ಸುದ್ದಿ ಕಿವಿಗೆ ಬಿದ್ದರೆ 1098ಕ್ಕೆ ಫೋನ್ ಮಾಡಿ.

ರೋಜಾ ವಿಷಯಕ್ಕೆ ರಂಜಾನ್ ಶುರುವಾಗುವ ತನಕ ಕಾಯಬೇಡಿ. ಹಿಂದಿನ ಶಾಬಾನ್ ತಿಂಗಳಲ್ಲೇ ನಿಮ್ಮ ಕ್ಲಿನಿಕ್ಕಿನ ಡಾಕ್ಟರನ್ನು ಕರೆದುಕೊಂಡು ಮಸೀದಿ ಕಮಿಟಿಯವರನ್ನು ಕಾಣಿ. ಒಂದು ಜುಮ್ಮಾದ ಬಯಾನ್‌ನಲ್ಲಿ ಗರ್ಭಿಣಿಯರ ರಿಯಾಯಿತಿ ಬಗ್ಗೆ ಹೇಳಿ ಅಂತ ಕೇಳಿಕೊಳ್ಳಿ.