ಹಂಗಾಮಿಗೆ ಮುಂಚಿನ ಮೂರು ದಿನ: ರೇಸ್ ಕಾರಿನ ಪರೀಕ್ಷೆಯನ್ನು ಓದುವ ಬಗೆ

ಬಳ್ಳಾರಿಯಲ್ಲಿ ಹಂಗಾಮು ಎಂದರೆ ಮುಂಗಾರು, ಇಲ್ಲವೇ ಹಿಂಗಾರು. ಬಿತ್ತನೆಗೆ ಮೊದಲು ಕೂರಿಗೆಯ ತಾಳುಗಳನ್ನು ಬಿಗಿ ಮಾಡಿ, ಸವೆದ ಹಗ್ಗ ಬದಲಿಸಿ, ಹೊಲದ ಅಂಚಿನಲ್ಲಿ ಒಂದೆರಡು ಸಾಲು ಎಳೆದು ನೋಡುವುದು ನಮ್ಮ ಹಿರಿಯರಿಗೆ ಹೊಸದಲ್ಲ. ಫಾರ್ಮುಲಾ ಒನ್ ತಂಡಗಳು ಹಂಗಾಮಿಗೆ ಮುಂಚೆ ನಡೆಸುವ ಪರೀಕ್ಷಾ ಓಟವೂ ಇದೇ ಜಾತಿಯ ಕೆಲಸ. ಕಾಲೇಜಿನ ವಿದ್ಯಾರ್ಥಿ ಕಾರಿನ ತಂಡಕ್ಕೆ ಈ ವರ್ಷ ಸೇರಿರುವ ಮೆಕ್ಯಾನಿಕಲ್ ವಿಭಾಗದ ಗೆಳೆಯರಿಗಾಗಿ ಈ ಟಿಪ್ಪಣಿ ಬರೆದಿದ್ದೇನೆ. "ಟೆಸ್ಟಿಂಗಿನಲ್ಲಿ ಯಾರು ಮೊದಲು ಬಂದರು?" ಎಂದು ಕೇಳುವ ಅಭ್ಯಾಸ ನಮ್ಮಲ್ಲಿ ಎಲ್ಲರಿಗೂ ಇದೆ. ಆದರೆ ಪರೀಕ್ಷೆಯ ದಿನಗಳಲ್ಲಿ ಎಂಜಿನಿಯರುಗಳು ಹುಡುಕುವುದು ವೇಗವನ್ನಲ್ಲ. ತಾವು ಗಣಕದಲ್ಲಿಯೂ ಗಾಳಿಸುರಂಗದಲ್ಲಿಯೂ (ಕಾರಿನ ಮಾದರಿಯ ಮೇಲೆ ಗಾಳಿ ಹಾಯಿಸಿ ಅಳೆಯುವ ಕೊಠಡಿ) ಲೆಕ್ಕ ಹಾಕಿದ ಕಾರು ಮತ್ತು ಡಾಂಬರಿನ ಮೇಲೆ ಓಡುತ್ತಿರುವ ಕಾರು ಒಂದೇ ಹೌದೋ ಅಲ್ಲವೋ ಎಂಬುದಕ್ಕೆ ಅವರು ಉತ್ತರ ಹುಡುಕುತ್ತಿರುತ್ತಾರೆ.

ದಿನಗಳು ಎಷ್ಟು ಕಡಿಮೆ ಎಂಬುದನ್ನು ಮೊದಲು ತಿಳಿದುಕೊಳ್ಳಬೇಕು. ಒಂದು ಕಾಲದಲ್ಲಿ ಹಣವಿದ್ದ ತಂಡಗಳು ವರ್ಷವಿಡೀ ಓಡಿಸಿ ನೋಡುತ್ತಿದ್ದವು. ಫೆರಾರಿಗೆ 1972ರಿಂದಲೂ ಫಿಯೊರಾನೊದಲ್ಲಿ ಸ್ವಂತದ ಪಥವೇ ಇದೆ. ಖರ್ಚು ಮಿತಿಮೀರಿದ್ದರಿಂದ 2009ರಲ್ಲಿ ಹಂಗಾಮಿನ ನಡುವಿನ ಪರೀಕ್ಷೆಗೆ ಬಿಗಿಯಾದ ಕಡಿವಾಣ ಬಿತ್ತು. 2019ರಲ್ಲಿ ಬಾರ್ಸಿಲೋನಾದಲ್ಲಿ ಹಂಗಾಮಿಗೆ ಮುಂಚೆ ಎಂಟು ದಿನ ಸಿಕ್ಕಿದ್ದವು, 2020ರಲ್ಲಿ ಆರು. 2023ರಿಂದ 2025ರವರೆಗೆ ಪ್ರತಿ ವರ್ಷ ಬಹ್ರೇನಿನ ಸಖೀರ್‌ನಲ್ಲಿ ಮೂರೇ ದಿನ, ಅದೂ ಒಂದು ತಂಡಕ್ಕೆ ಒಂದು ಹೊತ್ತಿಗೆ ಒಂದೇ ಕಾರು. ಇಬ್ಬರು ಚಾಲಕರು ಹಂಚಿಕೊಂಡರೆ ಒಬ್ಬೊಬ್ಬರ ಪಾಲಿಗೆ ಒಂದೂವರೆ ದಿನ ಬರುತ್ತದೆ.

ಜಾಗದ ಆಯ್ಕೆಯೂ ಲೆಕ್ಕಾಚಾರವೇ. ಫೆಬ್ರುವರಿಯ ಬಾರ್ಸಿಲೋನಾ ತಣ್ಣಗಿರುತ್ತದೆ. 2018ರಲ್ಲಿ ಅಲ್ಲಿ ಹಿಮ ಬಿದ್ದು ಒಂದು ದಿನ ಹೆಚ್ಚುಕಡಿಮೆ ಪೂರ್ತಿ ಹಾಳಾಯಿತು. ತಣ್ಣನೆಯ ನೆಲದಲ್ಲಿ ಟೈರು ತನ್ನ ಹದಕ್ಕೆ ಬರುವುದಿಲ್ಲವಾದ್ದರಿಂದ ಅಲ್ಲಿ ದೊರೆತ ಅಂಕಿಗಳು ಬಿಸಿ ದೇಶದ ರೇಸಿಗೆ ಉಪಯೋಗಕ್ಕೆ ಬರುವುದು ಕಷ್ಟ. ಬಹ್ರೇನಿನಲ್ಲಿ ಮಳೆಯ ಕಾಟ ಅಪರೂಪ, ಆದರೆ ಅಲ್ಲಿಯೂ ಒಂದು ತೊಡಕಿದೆ: ರೇಸ್ ನಡೆಯುವುದು ರಾತ್ರಿ ದೀಪದ ಬೆಳಕಿನಲ್ಲಿ, ಪರೀಕ್ಷೆಯ ಬಹುಪಾಲು ನಡೆಯುವುದು ಬಿಸಿಲಿನಲ್ಲಿ. ಏಪ್ರಿಲ್ ತಿಂಗಳಲ್ಲಿ ಮಧ್ಯಾಹ್ನದ ಎರಡು ಗಂಟೆಗೂ ಸಂಜೆ ಏಳಕ್ಕೂ ಬಳ್ಳಾರಿಯ ರಸ್ತೆ ಎಷ್ಟು ಬೇರೆಯಾಗಿರುತ್ತದೆ ಎಂಬುದನ್ನು ಬರಿಗಾಲಲ್ಲಿ ನಡೆದವರಿಗೆ ವಿವರಿಸಬೇಕಾಗಿಲ್ಲ.

ಸಮಯದ ಪಟ್ಟಿಯನ್ನು ಏಕೆ ನಂಬಬಾರದು

ತೋರಣಗಲ್ಲಿನ ಕಡೆಗೆ ಅದಿರು ತುಂಬಿಕೊಂಡು ಹೋಗುವ ಲಾರಿಯನ್ನೂ ಖಾಲಿಯಾಗಿ ಮರಳುವ ಲಾರಿಯನ್ನೂ ಪಕ್ಕಪಕ್ಕದಲ್ಲಿ ನಿಲ್ಲಿಸಿ, ಯಾವುದರ ಎಂಜಿನ್ ಬಲವಾದದ್ದು ಎಂದು ವೇಗ ನೋಡಿ ತೀರ್ಮಾನಿಸುವವರನ್ನು ಕಂಡರೆ ನಾವು ನಗುತ್ತೇವೆ. ಪರೀಕ್ಷೆಯ ಸಮಯದ ಪಟ್ಟಿ ಹೆಚ್ಚಾಗಿ ಅಂಥದ್ದೇ ಹೋಲಿಕೆ, ಏಕೆಂದರೆ ಯಾವ ತಂಡ ಎಷ್ಟು ಇಂಧನ ತುಂಬಿ ಓಡಿಸುತ್ತಿದೆ ಎಂಬುದು ಹೊರಗಿನವರಿಗೆ ಕಾಣುವುದಿಲ್ಲ. 2025ರವರೆಗಿನ ನಿಯಮಗಳಲ್ಲಿ ಒಂದು ರೇಸಿಗೆ ಗರಿಷ್ಠ 110 ಕಿಲೋ ಇಂಧನಕ್ಕೆ ಅವಕಾಶವಿತ್ತು. ಪಥಕ್ಕೆ ತಕ್ಕಂತೆ ವ್ಯತ್ಯಾಸವಾದರೂ, ಹತ್ತು ಕಿಲೋ ಇಂಧನ ಹೆಚ್ಚಾದರೆ ಒಂದು ಸುತ್ತಿಗೆ ಸುಮಾರು 0.3 ಸೆಕೆಂಡು ನಷ್ಟವೆಂದು ಸಾಮಾನ್ಯವಾಗಿ ಲೆಕ್ಕ ಹಿಡಿಯುತ್ತಾರೆ.

ಒಂದು ಕಾಲ್ಪನಿಕ ಲೆಕ್ಕ ಮಾಡೋಣ. ಮೊದಲ ಕಾರು 100 ಕಿಲೋ ಇಂಧನ ಹೊತ್ತು 1 ನಿಮಿಷ 32.0 ಸೆಕೆಂಡಿನಲ್ಲಿ ಸುತ್ತು ಮುಗಿಸಿತು. ಎರಡನೆಯದು 30 ಕಿಲೋ ಹೊತ್ತು 1 ನಿಮಿಷ 30.8 ಸೆಕೆಂಡಿನಲ್ಲಿ ಮುಗಿಸಿತು. ಪಟ್ಟಿಯಲ್ಲಿ ಎರಡನೆಯದು 1.2 ಸೆಕೆಂಡು ಮುಂದಿದೆ. ಮೊದಲ ಕಾರಿನಿಂದ 70 ಕಿಲೋ ಇಳಿಸಿದರೆ 2.1 ಸೆಕೆಂಡು ಕಳೆಯಬೇಕು. ಆಗ ಅದರ ಸಮಯ 1 ನಿಮಿಷ 29.9 ಸೆಕೆಂಡು, ಅಂದರೆ ಹಿಂದಿದ್ದ ಕಾರು ವಾಸ್ತವದಲ್ಲಿ 0.9 ಸೆಕೆಂಡು ಮುಂದಿದೆ. ಇದರ ಮೇಲೆ ಟೈರಿನ ಮೃದುತ್ವ, ಅದರ ವಯಸ್ಸು, ಎಂಜಿನ್ನಿಗೆ ಕೊಟ್ಟ ಬಲದ ಮಟ್ಟ ಎಲ್ಲವೂ ಸೇರಿಕೊಳ್ಳುತ್ತವೆ.

ಹಾಗೆಂದು ಪಟ್ಟಿಯಲ್ಲಿ ಮೇಲೆ ಬಂದವರೆಲ್ಲ ಖಾಲಿ ಲಾರಿಯವರು ಎಂದು ತಳ್ಳಿಹಾಕುವುದೂ ತಪ್ಪು. 2008ರ ಡಿಸೆಂಬರಿನಲ್ಲಿ ಹೋಂಡಾ ಹಿಂದೆ ಸರಿದ ಮೇಲೆ ಅದೇ ತಂಡ ಬ್ರಾನ್ ಎಂಬ ಹೆಸರಿನಲ್ಲಿ 2009ರ ಮಾರ್ಚಿನಲ್ಲಿ ತಡವಾಗಿ ಪರೀಕ್ಷೆಗಿಳಿದು ಎಲ್ಲರಿಗಿಂತ ವೇಗವಾಗಿ ಓಡಿದಾಗ, ಪ್ರಾಯೋಜಕರನ್ನು ಸೆಳೆಯಲು ಹಗುರಾಗಿ ಓಡಿಸುತ್ತಿದ್ದಾರೆ ಎಂದು ಅನುಮಾನಪಟ್ಟವರಿದ್ದರು. ಅದೇ ತಿಂಗಳ ಕೊನೆಯಲ್ಲಿ ಆಸ್ಟ್ರೇಲಿಯಾದ ರೇಸಿನಲ್ಲಿ ಆ ತಂಡ ಮೊದಲೆರಡು ಸ್ಥಾನ ಪಡೆಯಿತು. ವರ್ಷದ ಕೊನೆಗೆ ಆ ತಂಡದ ಚಾಲಕ ಜೆನ್ಸನ್ ಬಟನ್ ವಿಶ್ವ ಚಾಂಪಿಯನ್ ಆದರು.

ಲೆಕ್ಕ ಮತ್ತು ನೆಲ

ಪರೀಕ್ಷೆಯ ಮೊದಲ ಬೆಳಿಗ್ಗೆ ಕಾರುಗಳ ಮುಂದಿನ ಚಕ್ರದ ಹಿಂದೆ ಲೋಹದ ದೊಡ್ಡ ಜಾಲರಿಯೊಂದನ್ನು ಕಟ್ಟಿರುವ ಚಿತ್ರಗಳನ್ನು ನೀವು ನೋಡಿರಬಹುದು. ಆ ಜಾಲರಿಯ ಒಂದೊಂದು ಕಡ್ಡಿಯ ಮೇಲೆಯೂ ಗಾಳಿಯ ಒತ್ತಡ ಅಳೆಯುವ ಸಣ್ಣ ಕೊಳವೆಗಳಿರುತ್ತವೆ. ಚಾಲಕನು ನೇರ ರಸ್ತೆಯಲ್ಲಿ ಒಂದೇ ವೇಗವನ್ನು ಕಾಯ್ದುಕೊಂಡು ಓಡಿಸುತ್ತಾನೆ. ಆಗ ಸಿಕ್ಕ ಒತ್ತಡದ ನಕ್ಷೆಯನ್ನು ಗಾಳಿಸುರಂಗದ ನಕ್ಷೆಯ ಪಕ್ಕದಲ್ಲಿಟ್ಟು ನೋಡುತ್ತಾರೆ. ಇನ್ನೊಂದು ವಿಧಾನದಲ್ಲಿ ಸೀಮೆಎಣ್ಣೆಯಂಥ ತೆಳುವಾದ ಎಣ್ಣೆಗೆ ಹೊಳೆಯುವ ಬಣ್ಣದ ಪುಡಿ ಕಲಸಿ ರೆಕ್ಕೆಯ ಮೇಲೆ ಬಳಿಯುತ್ತಾರೆ. ಒಂದು ಸುತ್ತು ಮುಗಿಯುವಷ್ಟರಲ್ಲಿ ಗಾಳಿ ಹರಿದ ದಾರಿ ಗೆರೆಗೆರೆಯಾಗಿ ಮೂಡಿ, ಎಲ್ಲಿ ಅದು ಮೇಲ್ಮೈಯನ್ನು ಬಿಟ್ಟು ಚದುರಿತು ಎಂಬುದು ಕಣ್ಣಿಗೇ ಕಾಣುತ್ತದೆ. ನಮಗೆ ಅಷ್ಟು ಬೇಡ, ನೂಲಿನ ತುಂಡುಗಳನ್ನು ಟೇಪಿನಿಂದ ಅಂಟಿಸಿದರೂ ಸಾಕು. ನಮ್ಮೂರಿನ ಜೀನ್ಸ್ ಹೊಲಿಯುವ ಅಂಗಡಿಗಳಲ್ಲಿ ನೂಲು ಪುಕ್ಕಟೆ ಸಿಗುತ್ತದೆ ನಿಜ, ಆದರೆ ಅದು ಬಿರುಸಾಗಿದ್ದು ಗಾಳಿಗೆ ಸರಿಯಾಗಿ ಬಾಗುವುದಿಲ್ಲ. ಉಣ್ಣೆಯ ದಾರ ಕೊಳ್ಳುವುದೇ ಒಳ್ಳೆಯದು.

ಲೆಕ್ಕಕ್ಕೂ ನೆಲಕ್ಕೂ ಹೊಂದಾಣಿಕೆ ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ 2022ಕ್ಕಿಂತ ಸ್ಪಷ್ಟವಾದ ಪಾಠ ಇತ್ತೀಚೆಗೆ ಇಲ್ಲ. ಆ ವರ್ಷದ ಹೊಸ ನಿಯಮಗಳು ಕಾರಿನ ತಳದಲ್ಲಿ ಸುರಂಗದಂಥ ದಾರಿಗಳಿಗೆ ಮತ್ತೆ ಅವಕಾಶ ಕೊಟ್ಟವು. ತುಂಗಭದ್ರಾ ಕಾಲುವೆ ಇಕ್ಕಟ್ಟಾದ ಸೇತುವೆಯ ಕೆಳಗೆ ಹಾಯುವ ಜಾಗದಲ್ಲಿ ನಿಂತು ನೋಡಿ: ನೀರು ರಭಸ ಪಡೆಯುತ್ತದೆ, ಜೊತೆಗೆ ಅದರ ಮಟ್ಟ ತುಸು ಇಳಿಯುತ್ತದೆ. ಕಾರಿನ ತಳದ ಇಕ್ಕಟ್ಟಿನಲ್ಲಿ ಗಾಳಿಯೂ ಹೀಗೆಯೇ ರಭಸ ಪಡೆಯುತ್ತದೆ. ಅಲ್ಲಿ ನೀರಿನ ಮಟ್ಟ ಇಳಿದಂತೆ ಇಲ್ಲಿ ಒತ್ತಡ ಇಳಿದು ಕಾರು ನೆಲಕ್ಕೆ ಸೆಳೆಯಲ್ಪಡುತ್ತದೆ. ವೇಗ ಹೆಚ್ಚಿದಷ್ಟೂ ಸೆಳೆತ ಹೆಚ್ಚು, ಸೆಳೆತ ಹೆಚ್ಚಿದಷ್ಟೂ ತಳ ನೆಲಕ್ಕೆ ಹತ್ತಿರ. ಒಂದು ಹಂತ ದಾಟಿದಾಗ ಸಂದು ತೀರಾ ಕಿರಿದಾಗಿ ಗಾಳಿಯ ಹರಿವು ಕಟ್ಟಿಕೊಳ್ಳುತ್ತದೆ, ಸೆಳೆತ ತಟ್ಟನೆ ಬಿಟ್ಟುಹೋಗುತ್ತದೆ, ಅಮುಕಿಕೊಂಡಿದ್ದ ಸ್ಪ್ರಿಂಗುಗಳೂ ಟೈರುಗಳೂ ಕಾರನ್ನು ಮೇಲಕ್ಕೆತ್ತುತ್ತವೆ. ಮೇಲೆದ್ದ ಕೂಡಲೇ ಗಾಳಿ ಮತ್ತೆ ಹರಿಯುತ್ತದೆ, ಕಾರು ಮತ್ತೆ ಕೆಳಗಿಳಿಯುತ್ತದೆ. ಸೆಕೆಂಡಿಗೆ ಹಲವು ಬಾರಿ ನಡೆಯುವ ಈ ಕುಣಿತಕ್ಕೆ ಪಾರ್ಪಾಯ್ಸಿಂಗ್ ಎಂದು ಹೆಸರು.

ಫೆಬ್ರುವರಿಯಲ್ಲಿ ಬಾರ್ಸಿಲೋನಾದ ನೇರ ರಸ್ತೆಯಲ್ಲಿ ಕಾರುಗಳು ಹೀಗೆ ಕುಣಿದಾಗ ಬಹುತೇಕ ತಂಡಗಳು ಬೆಚ್ಚಿದವು. ಗಾಳಿಸುರಂಗದಲ್ಲಿ ಇದು ಏಕೆ ಕಾಣಲಿಲ್ಲ ಎಂಬುದೇ ನಮ್ಮ ಅಧ್ಯಯನದ ಪ್ರಶ್ನೆ. ನಿಯಮದ ಪ್ರಕಾರ ಅಲ್ಲಿ ನಿಲ್ಲಿಸುವ ಮಾದರಿ ನಿಜವಾದ ಕಾರಿನ ಶೇ. 60ಕ್ಕಿಂತ ದೊಡ್ಡದಿರುವಂತಿಲ್ಲ, ಗಾಳಿಯ ವೇಗ ಸೆಕೆಂಡಿಗೆ 50 ಮೀಟರ್, ಅಂದರೆ ಗಂಟೆಗೆ 180 ಕಿಲೋಮೀಟರ್ ಮೀರುವಂತಿಲ್ಲ. ಅದಕ್ಕಿಂತ ಮುಖ್ಯವಾಗಿ, ಮಾದರಿಯನ್ನು ಒಂದು ಕಂಬಕ್ಕೆ ಬಿಗಿದು ಬೇಕಾದ ಎತ್ತರದಲ್ಲಿ ಹಿಡಿದಿಡಲಾಗುತ್ತದೆ. ನಿಜವಾದ ಕಾರಿನ ಹಾಗೆ ಅದು ತನ್ನ ಟೈರು, ಸ್ಪ್ರಿಂಗುಗಳ ಮೇಲೆ ಸ್ವತಂತ್ರವಾಗಿ ಏಳುಬೀಳುವುದಿಲ್ಲ. ಲೆಕ್ಕ ಸುಳ್ಳಾಗಿರಲಿಲ್ಲ, ಆ ಲೆಕ್ಕದೊಳಗೆ ಕುಣಿಯುವ ಸ್ವಾತಂತ್ರ್ಯವೇ ಇರಲಿಲ್ಲ. 1970ರ ದಶಕದ ಕೊನೆಯಲ್ಲಿ ಲೋಟಸ್ ತಂಡ ತಳದ ಸೆಳೆತವನ್ನು ಬಳಸಿದಾಗಲೂ ಈ ಪೀಡೆ ಇತ್ತು. 1983ರಲ್ಲಿ ಚಪ್ಪಟೆ ತಳ ಕಡ್ಡಾಯವಾದ ಮೇಲೆ ಒಂದಿಡೀ ತಲೆಮಾರಿನ ಎಂಜಿನಿಯರುಗಳಿಗೆ ಅದನ್ನು ಎದುರಿಸುವ ಪ್ರಸಂಗವೇ ಬರಲಿಲ್ಲ. ಕೊನೆಗೆ 2023ಕ್ಕೆ ತಳದ ಅಂಚನ್ನು 15 ಮಿಲಿಮೀಟರ್ ಎತ್ತರಿಸುವ ನಿಯಮ ಬಂತು.

ಇದೇ ಬಗೆಯ ತಪ್ಪು ನಮ್ಮ ಪ್ರಯೋಗಾಲಯದಲ್ಲಿ ಇನ್ನೂ ಸಣ್ಣ ರೂಪದಲ್ಲಿ ನಡೆಯುತ್ತದೆ. ಗಾಳಿಯ ಹರಿವನ್ನು ಲೆಕ್ಕ ಹಾಕುವ ತಂತ್ರಾಂಶದಲ್ಲಿ ಸಾಂದ್ರತೆಯ ಜಾಗದಲ್ಲಿ ಸಾಮಾನ್ಯವಾಗಿ 1.225 ಎಂಬ ಅಂಕಿ ಮೊದಲೇ ತುಂಬಿರುತ್ತದೆ. ಅದು ಸಮುದ್ರಮಟ್ಟದಲ್ಲಿ 15 ಡಿಗ್ರಿ ಉಷ್ಣತೆಯ ಗಾಳಿಯದು. ಬಳ್ಳಾರಿ ಸಮುದ್ರಮಟ್ಟದಿಂದ ಸುಮಾರು 450 ಮೀಟರ್ ಎತ್ತರದಲ್ಲಿದೆ, ಒತ್ತಡ ಸುಮಾರು 96 ಕಿಲೋಪ್ಯಾಸ್ಕಲ್. ಬೇಸಿಗೆಯ ಮಧ್ಯಾಹ್ನ ಉಷ್ಣತೆ 40 ಡಿಗ್ರಿ, ಅಂದರೆ 313 ಕೆಲ್ವಿನ್ ಎಂದು ಹಿಡಿದು 96,000ವನ್ನು 287 (ಗಾಳಿಯ ಅನಿಲ ಸ್ಥಿರಾಂಕ) ಮತ್ತು 313ರ ಗುಣಲಬ್ಧದಿಂದ ಭಾಗಿಸಿದರೆ ಘನಮೀಟರಿಗೆ ಸುಮಾರು 1.07 ಕಿಲೋ ಬರುತ್ತದೆ. ರೆಕ್ಕೆಯ ಒತ್ತುಬಲ (ಗಾಳಿ ಕಾರನ್ನು ನೆಲಕ್ಕೆ ಒತ್ತುವ ಬಲ) ಸಾಂದ್ರತೆಗೆ ನೇರ ಅನುಪಾತದಲ್ಲಿರುವುದರಿಂದ, ಪರದೆಯ ಮೇಲೆ 100 ನ್ಯೂಟನ್ ತೋರಿಸಿದ ರೆಕ್ಕೆ ನಮ್ಮ ಊರಿನ ಬಿಸಿಲಿನಲ್ಲಿ 87 ನ್ಯೂಟನ್ನಷ್ಟೇ ಕೊಡುತ್ತದೆ. ರೆಕ್ಕೆಯನ್ನು ಬೈಯುವ ಮೊದಲು ಆ ಒಂದು ಅಂಕಿಯನ್ನು ತಿದ್ದಬೇಕು.

ಹಳೆಯದು, ಹೊಸದು, ಮತ್ತೆ ಹಳೆಯದು

ಪರೀಕ್ಷೆಯ ವಿಧಾನದಲ್ಲಿ ನಾನು ಎಲ್ಲಕ್ಕಿಂತ ಹೆಚ್ಚು ಬೆಲೆ ಕೊಡುವುದು ಈ ಕ್ರಮಕ್ಕೆ. ಒಂದು ಬಾರಿಗೆ ಒಂದೇ ಬದಲಾವಣೆ ಮಾಡಬೇಕೆಂಬುದು ಎಲ್ಲರಿಗೂ ಗೊತ್ತು. ಬದಲಾವಣೆಯ ನಂತರ ಮತ್ತೆ ಹಳೆಯ ಸ್ಥಿತಿಗೆ ಮರಳಿ ಅಳೆಯಬೇಕೆಂಬುದನ್ನು ಹೆಚ್ಚಿನವರು ಬಿಟ್ಟುಬಿಡುತ್ತಾರೆ. ಹಳೆಯ ರೆಕ್ಕೆಯಲ್ಲಿ 62.4 ಸೆಕೆಂಡು, ಹೊಸ ರೆಕ್ಕೆಯಲ್ಲಿ 62.0 ಸೆಕೆಂಡು ಬಂದರೆ 0.4 ಸೆಕೆಂಡಿನ ಲಾಭವೆಂದು ಕುಣಿಯುವುದು ಸಹಜ. ಹಳೆಯ ರೆಕ್ಕೆಯನ್ನೇ ಮತ್ತೆ ಕಟ್ಟಿ ಓಡಿಸಿದಾಗ 61.9 ಬಂದರೆ? ಅಷ್ಟು ಹೊತ್ತಿನಲ್ಲಿ ಟೈರುಗಳು ಧೂಳು ಗುಡಿಸಿ, ರಬ್ಬರು ಮೆತ್ತಿ, ನೆಲವೇ ವೇಗವಾಗಿದೆ. ಹಳೆಯದರ ಎರಡು ಅಳತೆಗಳ ಸರಾಸರಿ 62.15, ಹೊಸ ರೆಕ್ಕೆಯ ನಿಜವಾದ ಗಳಿಕೆ 0.15 ಸೆಕೆಂಡು ಮಾತ್ರ. ಚಾಲಕನ ಒಂದು ಸುತ್ತಿಗೂ ಇನ್ನೊಂದಕ್ಕೂ 0.2 ಸೆಕೆಂಡಿನ ಏರುಪೇರು ಇದ್ದರೆ ಈ 0.15ಕ್ಕೂ ಅರ್ಥವಿಲ್ಲ, ಇನ್ನಷ್ಟು ಸುತ್ತು ಓಡಿಸಲೇಬೇಕು. ಅದಿರಿನ ಕೆಂಪು ಧೂಳು ಕೂರುವ ನಮ್ಮ ಅಂಗಳಗಳಲ್ಲಿ ಈ ಪರಿಣಾಮ ಇನ್ನೂ ಹೆಚ್ಚು.

ಕಾರು ಓಡದೇ ನಿಂತರೆ ಇದಾವುದೂ ಸಾಧ್ಯವಿಲ್ಲ. 2014ರಲ್ಲಿ 1.6 ಲೀಟರಿನ ಟರ್ಬೊ ಹೈಬ್ರಿಡ್ ಎಂಜಿನುಗಳು ಬಂದಾಗ, ಹಿಂದಿನ ನಾಲ್ಕು ವರ್ಷವೂ ಗೆದ್ದಿದ್ದ ರೆಡ್ ಬುಲ್ ತಂಡ ಸ್ಪೇನಿನ ಹೆರೆಸ್‌ನ ನಾಲ್ಕು ದಿನಗಳ ಪರೀಕ್ಷೆಯಲ್ಲಿ ಓಡಿದ್ದು 21 ಸುತ್ತು. ಮರ್ಸಿಡಿಸ್ ಮುನ್ನೂರಕ್ಕೂ ಹೆಚ್ಚು ಸುತ್ತು ಓಡಿತ್ತು. ರೆಡ್ ಬುಲ್ ಚೇತರಿಸಿಕೊಂಡು ಆ ವರ್ಷ ಮೂರು ರೇಸ್ ಗೆದ್ದಿತಾದರೂ ಪ್ರಶಸ್ತಿ ಕೈತಪ್ಪಿತು. ಚೆನ್ನೈನ ಚಾಲಕ ಕರುಣ್ ಚಂಧೋಕ್ ಅವರ ಸ್ಥಿತಿ ಇದಕ್ಕಿಂತ ಕಠಿಣವಾಗಿತ್ತು: 2010ರಲ್ಲಿ ಅವರ ಎಚ್‌ಆರ್‌ಟಿ ತಂಡ ಪರೀಕ್ಷೆಗೇ ಬರಲಾಗಲಿಲ್ಲ, ಬಹ್ರೇನಿನ ಶನಿವಾರದ ಅರ್ಹತಾ ಸುತ್ತಿನಲ್ಲೇ ಅವರು ಆ ಕಾರನ್ನು ಮೊದಲ ಬಾರಿಗೆ ಓಡಿಸಬೇಕಾಯಿತು.

ನಮ್ಮ ಅಂಗಳದಲ್ಲಿ

ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇನಲ್ಲಿ ನಡೆಯುವ ಫಾರ್ಮುಲಾ ಭಾರತ್ ಎಂಬ ವಿದ್ಯಾರ್ಥಿ ಕಾರುಗಳ ಸ್ಪರ್ಧೆಗೆ ಸಿದ್ಧವಾಗುವವರಿಗೆ ರೇಸ್ ಪಥ ಹತ್ತಿರದಲ್ಲಿಲ್ಲ ಎಂಬ ಕೊರಗು ಬೇಡ. ತಿರುವಿನಲ್ಲಿ ಕಾರಿನ ಹಿಡಿತ ಅಳೆಯುವ ಎಂಟರ ಆಕಾರದ ಸ್ಕಿಡ್‌ಪ್ಯಾಡನ್ನು ಯಾವ ಸಿಮೆಂಟು ಅಂಗಳದಲ್ಲಾದರೂ ಸುಣ್ಣದಿಂದ ಗೆರೆ ಹಾಕಿಕೊಳ್ಳಬಹುದು: ಒಳವೃತ್ತದ ವ್ಯಾಸ 15.25 ಮೀಟರ್, ದಾರಿಯ ಅಗಲ 3 ಮೀಟರ್, ಆದ್ದರಿಂದ ಕಾರು ಸಾಗುವ ನಡುಗೆರೆಯ ತ್ರಿಜ್ಯ 9.125 ಮೀಟರ್. ಒಂದು ವೃತ್ತಕ್ಕೆ 5.5 ಸೆಕೆಂಡು ಹಿಡಿದರೆ ಪಕ್ಕದ ವೇಗೋತ್ಕರ್ಷ ಸುಮಾರು 1.21 ಜಿ (1 ಜಿ ಎಂದರೆ ಭೂಮಿಯ ಗುರುತ್ವದಷ್ಟು); 5.3 ಸೆಕೆಂಡಿಗೆ ಇಳಿದರೆ ಸುಮಾರು 1.31 ಜಿ. ಎರಡು ಹತ್ತಾಂಶದ ಹಿಂದೆ ಶೇ. 8ರಷ್ಟು ಹಿಡಿತ ಅಡಗಿದೆ, ಆದ್ದರಿಂದ ಕೈಗಡಿಯಾರದ ಅಳತೆ ಇಲ್ಲಿ ಸಾಲದು.

ಮೊದಲ ವರ್ಷ ನಾವು ಮಾಡಿದ ತಪ್ಪನ್ನೂ ದಾಖಲಿಸುತ್ತೇನೆ. ಬೆಳಿಗ್ಗೆ 25 ಡಿಗ್ರಿಯಲ್ಲಿ ಟೈರಿಗೆ 10 ಪಿಎಸ್‌ಐ (ಒತ್ತಡದ ಅಳತೆ) ತುಂಬಿ ಓಡಿಸಿದೆವು. ಒಗ್ಗರಣೆ-ಮಿರ್ಚಿ ತಿಂದು ಬಂದು, ಮುಂಚಕ್ರಗಳ ಕೋನ ಬದಲಿಸಿ, ಒತ್ತಡವನ್ನು ಮುಟ್ಟದೆ ಮಧ್ಯಾಹ್ನ ಮತ್ತೆ ಓಡಿಸಿ, ಕಾರು ಕೆಟ್ಟಿತೆಂದು ಕೋನವನ್ನು ದೂರಿದೆವು. ಮಾಪಕದ 10ಕ್ಕೆ ಇಲ್ಲಿನ ವಾತಾವರಣದ ಸುಮಾರು 14 ಸೇರಿಸಿದರೆ ಒಟ್ಟು 24. ಒಳಗಿನ ಗಾಳಿ 60 ಡಿಗ್ರಿಗೆ ಏರಿದಾಗ 24ನ್ನು 333ರಿಂದ ಗುಣಿಸಿ 298ರಿಂದ (60 ಮತ್ತು 25 ಡಿಗ್ರಿಗಳ ಕೆಲ್ವಿನ್ ರೂಪ) ಭಾಗಿಸಿದರೆ 26.8, ಅಂದರೆ ಮಾಪಕದಲ್ಲಿ 12.8. ನಾವು ಎರಡು ಬದಲಾವಣೆಗಳನ್ನು ಒಟ್ಟಿಗೆ ಪರೀಕ್ಷಿಸಿದ್ದೆವು, ಅದರಲ್ಲಿ ಒಂದನ್ನು ಮಾಡಿದ್ದು ಸೂರ್ಯ. ಅಂದಿನಿಂದ ನಮ್ಮ ದಾಖಲೆ ಪುಸ್ತಕದಲ್ಲಿ ಪ್ರತಿ ಓಟದ ಮುಂದೆ ಸಮಯಕ್ಕಿಂತ ಮೊದಲು ಗಾಳಿಯ ಉಷ್ಣತೆ, ನೆಲದ ಉಷ್ಣತೆ, ನಾಲ್ಕೂ ಟೈರುಗಳ ಬಿಸಿ ಒತ್ತಡ ಮತ್ತು ಇಂಧನದ ತೂಕಕ್ಕೆ ಅಂಕಣಗಳಿವೆ. ಅವು ತುಂಬದಿದ್ದರೆ ಆ ಓಟದ ಸಮಯವನ್ನು ಬರೆಯುವುದಿಲ್ಲ.