ಚಾಮುಂಡಿ ಬೆಟ್ಟಕ್ಕಿಂತ ಸರಗೂರೇ ಹಳೇದು

ಮೈಸೂರಿನವರಿಗೆ ತುಂಬಾ ಹಳೇದು ಅಂದ್ರೆ ಚಾಮುಂಡಿ ಬೆಟ್ಟ, ಅಲ್ವಾ? ಕಲ್ಲಿನ ಲೆಕ್ಕದಲ್ಲಿ ಮಾತ್ರ ಅದು ಮೊನ್ನೆ ಮೊನ್ನೆ ಹುಟ್ಟಿದ ಕೂಸು. ಬೆಟ್ಟದ ಗ್ರಾನೈಟಿಗೆ ಸುಮಾರು 80 ಕೋಟಿ ವರ್ಷ. ಸುತ್ತಲ ಹೊಲಗಳಲ್ಲಿ, ಕೆರೆ ಏರಿ ಪಕ್ಕದಲ್ಲಿ ಬೂದು-ಬಿಳಿ ಪಟ್ಟೆಯ ಬಂಡೆ ಕಾಣುತ್ತದಲ್ಲ, ಅದಕ್ಕೆ ಹೆಚ್ಚುಕಡಿಮೆ 300 ಕೋಟಿ!

ಈ ಪಟ್ಟೆ ಬಂಡೆ ಮೊದಲೋ, ಅದರ ಜೊತೆ ಸಿಗುವ ಕಪ್ಪು ಪದರಗಲ್ಲು ಮೊದಲೋ ಅಂತ ನಮ್ಮ ನಾಡಿನಲ್ಲಿ ದೊಡ್ಡ ಜಗಳವೇ ನಡೆದಿದೆ. ಪದರಗಲ್ಲುಗಳಿಗೆ 1880ರ ದಶಕದಲ್ಲಿ ಧಾರವಾಡದ ಹೆಸರಿಟ್ಟವರು ರಾಬರ್ಟ್ ಬ್ರೂಸ್ ಫೂಟ್. 1894ರಲ್ಲಿ ಮೈಸೂರು ಸಂಸ್ಥಾನ ಭೂವಿಜ್ಞಾನ ಇಲಾಖೆ ಶುರು ಮಾಡಿದಾಗ ಮೊದಲ ಮುಖ್ಯಸ್ಥರೂ ಅವರೇ. ಪಟ್ಟೆ ಬಂಡೆಯೇ ತಳಪಾಯ, ಅದರ ಮೇಲೆ ಪದರಗಲ್ಲು ಕೂತಿದೆ ಅನ್ನೋದು ಅವರ ವಾದ. ಆಮೇಲೆ ಬಂದ ಡಬ್ಲ್ಯು. ಎಫ್. ಸ್ಮೀತ್ ಅದನ್ನು ಪೂರ್ತಿ ತಿರುಗಿಸಿಬಿಟ್ಟರು. ಪಟ್ಟೆ ಬಂಡೆಗೆ ಪೆನಿನ್ಸುಲಾರ್ ನೈಸ್ ಅನ್ನೋ ಹೆಸರು ಕೊಟ್ಟದ್ದು ಇವರೇ, 1916ರಲ್ಲಿ. ಪದರಗಲ್ಲೇ ಹಳೇದು, ನೈಸ್ ಆಮೇಲೆ ಕೆಳಗಿನಿಂದ ಕರಗಿ ನುಗ್ಗಿದ್ದು ಅಂದರು.

ತಮಾಷೆ ಅಂದ್ರೆ ಇಬ್ಬರ ಕಡೆಗೂ ಸಾಕ್ಷಿ ಇತ್ತು. ತರೀಕೆರೆ ಹತ್ತಿರದ ಕಲ್ದುರ್ಗದಲ್ಲಿ ಪದರಗಲ್ಲಿನೊಳಗೇ ನೈಸ್ ಜಾತಿಯ ಉರುಟು ಕಲ್ಲುಗಳು ಸಿಗುತ್ತವೆ, ಹಾಗಾದರೆ ನೈಸೇ ಹಿರಿಯ. ನಮ್ಮ ಮೈಸೂರು ಜಿಲ್ಲೆಯ ಸರಗೂರು ಕಡೆ ಬಂದರೆ ಎಲ್ಲ ಉಲ್ಟಾ, ಅಲ್ಲಿ ಪದರಗಲ್ಲಿನ ತುಂಡುಗಳು ಪಾಯಸದಲ್ಲಿ ದ್ರಾಕ್ಷಿ ಬಿದ್ದ ಹಾಗೆ ನೈಸಿನೊಳಗೆ ಸಿಕ್ಕಿಕೊಂಡಿವೆ, ಪಾಯಸ ಗಟ್ಟಿಯಾಗೋ ಮೊದಲೇ ದ್ರಾಕ್ಷಿ ಇರಲೇಬೇಕಲ್ಲ. 1970ರ ದಶಕದಲ್ಲಿ ಸ್ವಾಮಿನಾಥ್, ರಾಮಕೃಷ್ಣನ್ ಮುಂತಾದ ಭೂವಿಜ್ಞಾನಿಗಳು ಗಂಟು ಬಿಡಿಸಿದರು. ಪದರಗಲ್ಲು ಒಂದಲ್ಲ, ಎರಡು ಕಾಲದ್ದು. ನೈಸಿಗಿಂತ ಹಳೇದು ಸರಗೂರು ಗುಂಪು, ಹೊಸದು ಧಾರವಾಡದ್ದು. ಫೂಟ್, ಸ್ಮೀತ್ ಇಬ್ಬರೂ ಒಂದೇ ಹೆಸರಿಟ್ಟುಕೊಂಡು ಬೇರೆ ಬೇರೆ ಕಲ್ಲಿನ ಬಗ್ಗೆ ಮಾತಾಡಿದ್ದರು, ಅಷ್ಟೇ.

ನನಗೆ ಇದಕ್ಕಿಂತ ಜಾಸ್ತಿ ರುಚಿಸೋದು ಆ ದ್ರಾಕ್ಷಿಗಳೊಳಗೆ ಇರೋದು. ಕ್ವಾರ್ಟ್ಜೈಟ್ ಇದೆ, ಅಂದರೆ ಒಂದು ಕಾಲದ ಮರಳು. ಅಮೃತಶಿಲೆ ಇದೆ, ಅದು ಮೊದಲು ಸುಣ್ಣದಕಲ್ಲು. ಕಬ್ಬಿಣದ ಪಟ್ಟೆ ಕಲ್ಲೂ ಇದೆ. ಇವೆಲ್ಲ ನೀರಿನ ತಳದಲ್ಲಿ ಕೂರುವ ವಸ್ತುಗಳು. ಈಗ ಹತ್ತಿ, ರಾಗಿ ಬೆಳೆಯೋ ಸರಗೂರಿನಲ್ಲಿ 300 ಕೋಟಿ ವರ್ಷಕ್ಕೂ ಹಿಂದೆ ಕಡಲು! ಆಮೇಲೆ ಭೂಮಿಯ ಆಳಕ್ಕೆ ಹೋಗಿ ಬೆಂದು ಹಿಂಡಿಹೋದದ್ದರಿಂದ ಹಳೆಯ ಗುರುತು ಅರ್ಧ ಅಳಿಸಿದೆ.

ಅಳಿಸದೆ ಉಳಿದದ್ದು ಜಿರ್ಕಾನ್, ಮರಳಿನಷ್ಟೇ ಸಣ್ಣ ಹರಳು. ಹುಟ್ಟುವಾಗ ಸ್ವಲ್ಪ ಯುರೇನಿಯಂ ಸೇರಿಸಿಕೊಂಡಿರುತ್ತದೆ, ಅದು ನಿಧಾನವಾಗಿ ಸೀಸವಾಗುತ್ತಾ ಹೋಗುತ್ತದೆ. ಯುರೇನಿಯಂ-238 ಅರ್ಧ ಕರಗೋಕೆ ಸುಮಾರು 447 ಕೋಟಿ ವರ್ಷ ಬೇಕು. ಎಷ್ಟು ಸೀಸ ಆಗಿದೆ ಅಂತ ಅಳೆದರೆ ವಯಸ್ಸು ಗೊತ್ತಾಗುತ್ತದೆ. ಸರಗೂರು ಗುಂಪಿನ ಮರಳಲ್ಲಿ ಸಿಕ್ಕ ಕೆಲವು ಜಿರ್ಕಾನ್ 350 ಕೋಟಿ ದಾಟಿವೆ. ಮರಳು ಅಂದಮೇಲೆ ಅದು ಯಾವುದೋ ಬಂಡೆ ಸವೆದು ಬಂದದ್ದೇ. ಅಂದರೆ ಆ ಕಡಲ ದಡದಲ್ಲಿ ಅದಕ್ಕೂ ಹಿರಿಯ ನೆಲವೊಂದಿತ್ತು, ಆಗಲೇ ನೀರು ಅದನ್ನು ಸವೆಸಿ ಮುಗಿಸುತ್ತಿತ್ತು.